ಅಮೆರಿಕದ ಬೆಳ್ಳಿ ರೈಲೂ ಅದರ ಅಭಿಮಾನಿಗಳೂ

ಸತ್ತ ಎಮ್ಮೆಗೆ ಹಾಲು ಹೆಚ್ಚೆಂಬುದು ಹಳ್ಳಿಯವರ ಮಾತು. ಕಣ್ಮರೆಯಾದುದರ ಗುಣವನ್ನು ಹತ್ತು ಮಡಿ ಮಾಡಿ ಹೇಳುವುದು ಮನುಷ್ಯಸ್ವಭಾವವೇ ಸರಿ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹಳೆಯ ಕಾಲದ ದೂರಪ್ರಯಾಣದ ರೈಲುಗಳನ್ನು ನೆನೆನೆನೆದು ಹಂಬಲಿಸುವ ಜನರು ಅಸಂಖ್ಯರಾಗಿದ್ದಾರೆ. ಎಂದೋ ನಿಂತುಹೋದ ರೈಲುಗಳ ವೇಳಾಪಟ್ಟಿಗಳನ್ನು ಇವರು ಜೋಪಾನವಾಗಿ ಕಾಪಾಡುವರು. ಊಟದ ಗಾಡಿಗಳ ಪಿಂಗಾಣಿ ತಟ್ಟೆಗಳನ್ನು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವರು. ತುಕ್ಕುಹಿಡಿದ ಬಂಡಿಯೊಂದು ಎಲ್ಲಿಯಾದರೂ ಬಿದ್ದಿದೆಯೆಂದು ಕೇಳಿದರೆ ಚಂದಾ ಕೂಡಿಸಿ ಅದನ್ನು ಉದ್ಧರಿಸುವರು. ಈ ಬಗೆಯ ಹಂಬಲಕ್ಕೆ ಪಾಶ್ಚಾತ್ಯರು ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟಿದ್ದಾರೆ. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯವಿದ್ಯಾರ್ಥಿಯು ಮನೆಗೆ ಮರಳುವಿಕೆ ಎಂಬರ್ಥದ ಒಂದು ಯವನ ಶಬ್ದವನ್ನೂ ನೋವು ಎಂಬರ್ಥದ ಇನ್ನೊಂದನ್ನೂ ಸಮಾಸಗೊಳಿಸಿ ಈ ಪದವನ್ನು ಕಟ್ಟಿದನು. ಪರದೇಶದಲ್ಲಿದ್ದು ಊರ ನೆನಪಿನಿಂದ ಕೊರಗುವವರ ರೋಗಕ್ಕೆ ಅದು ಹೆಸರಾಗಿತ್ತು. ಅಮೆರಿಕದ ರೈಲಭಿಮಾನಿಗಳ ವಿಷಯದಲ್ಲಿ ಒಂದು ವಿಶೇಷವುಂಟು: ಇವರು ಮರಳಬಯಸುವ ಮನೆಯು ನಿಂತ ನೆಲದ ಮೇಲೆ ಇದ್ದುದಲ್ಲ, ಓಡುತ್ತಿದ್ದುದು.

ಈ ಹಂಬಲದಲ್ಲಿ ಸತ್ಯವೆಷ್ಟು, ಎಮ್ಮೆಯ ಹಾಲೆಷ್ಟು ಎಂಬುದನ್ನು ಪರೀಕ್ಷಿಸಲು ಒಂದೇ ರೈಲಿನ ಚರಿತ್ರೆ ಸಾಕು. ಅದು ಕ್ಯಾಲಿಫೋರ್ನಿಯಾ ಜೆಫಿರ್. ಬೆಳ್ಳಿಯ ಮೈಯದೆಂದು ಹೆಸರುವಾಸಿಯಾಗಿದ್ದ ರೈಲು.

ಜೆಫಿರ್ ಎಂಬುದು ಯವನರ ಪುರಾಣದಲ್ಲಿ ಪಡುವಣ ಗಾಳಿಯ ದೇವತೆಯ ಹೆಸರು. ಚಿಕಾಗೋ, ಬರ್ಲಿಂಗ್ಟನ್ ಮತ್ತು ಕ್ವಿನ್ಸಿ ರೈಲ್ವೆ ಕಂಪೆನಿಯ ಅಧ್ಯಕ್ಷನಾಗಿದ್ದ ರಾಲ್ಫ್ ಬಡ್ ಎಂಬಾತನು ಈ ಹೆಸರನ್ನು ಇಂಗ್ಲಿಷರ ಆದಿಕವಿಗಳಲ್ಲೊಬ್ಬನಾದ ಚಾಸರನ ಕಾವ್ಯದಿಂದ ಆಯ್ದುಕೊಂಡನು. ಲಾಭನಷ್ಟದ ಲೆಕ್ಕದಲ್ಲಿ ಮುಳುಗಿರಬೇಕಾದ ರೈಲ್ವೆಯ ಅಧಿಪತಿಯು ಹೆಸರಿಗಾಗಿ ಪ್ರಾಚೀನ ಕವಿಯ ಬಾಗಿಲು ತಟ್ಟಿದುದು ಸಾಹಿತ್ಯಪ್ರಿಯರಿಗೆ ಸಂತೋಷವನ್ನೀಯುವ ಸಂಗತಿ. ಆಗ ರೈಲ್ವೆ ಕಂಪೆನಿಗಳಿಗೆ ಕಷ್ಟಕಾಲ. 1929ರಲ್ಲಿ ಆ ದೇಶದಲ್ಲಿ ಸುಮಾರು 20,000 ಪ್ರಯಾಣಿಕ ರೈಲುಗಳಿದ್ದವು. ಆ ವರ್ಷದ ಕೊನೆಯಲ್ಲಿ ಬಂದೊದಗಿದ ಆರ್ಥಿಕ ಕುಸಿತದಿಂದಲೂ ಮೋಟಾರುಗಾಡಿಯ ಪೈಪೋಟಿಯಿಂದಲೂ ಬೋಗಿಗಳು ಬರಿದಾದವು. ಜನರ ಮನಸ್ಸನ್ನು ಮತ್ತೆ ಸೆಳೆಯಬೇಕೆಂದು ಬಡ್ ಮಹಾಶಯನು ತುಕ್ಕು ಹಿಡಿಯದ ಉಕ್ಕಿನಿಂದ ಮೂರು ಬೋಗಿಗಳ ಒಂದು ಹೊಳೆಯುವ ಡೀಸೆಲ್ ರೈಲನ್ನು ಮಾಡಿಸಿದನು. 1934ನೆಯ ಇಸವಿ ಮೇ ತಿಂಗಳ 26ರ ಮುಂಜಾವಿನಲ್ಲಿ ಡೆನ್ವರ್ ಪಟ್ಟಣವನ್ನು ಬಿಟ್ಟ ಈ ರೈಲು ಎಲ್ಲಿಯೂ ನಿಲ್ಲದೆ 1,015 ಮೈಲುಗಳನ್ನು 13 ಗಂಟೆ 5 ನಿಮಿಷಗಳಲ್ಲಿ ಓಡಿ, ಅದೇ ಸಾಯಂಕಾಲ ಚಿಕಾಗೋ ನಗರದ ಮಹಾಪ್ರದರ್ಶನದ ರಂಗಸ್ಥಳವನ್ನು ಪ್ರವೇಶಿಸಿತು. ಪ್ರಯಾಣಿಕರ ಜೊತೆಗೆ ಒಂದು ಕತ್ತೆಯೂ ಅದರಲ್ಲಿತ್ತು. ಆ ರೈಲನ್ನು ಚಿಕಾಗೋದ ವಸ್ತುಸಂಗ್ರಹಾಲಯದಲ್ಲಿ ಉಳಿಸಿದ್ದಾರೆ.

ಕ್ಯಾಲಿಫೋರ್ನಿಯಾ ಜೆಫಿರ್ ಈ ವಂಶದಲ್ಲಿ ತಡವಾಗಿ ಹುಟ್ಟಿದ ಕೂಸು. ಅದರ ಜನನಕ್ಕೆ ಒಂದು ಸ್ವಾರಸ್ಯವಾದ ಪೂರ್ವಕಥೆಯಿದೆ. 1944ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯ ಅಧಿಕಾರಿ ಸೈರಸ್ ಆಸ್‌ಬರ್ನ್ ಎಂಬಾತನು ಕೊಲೊರಾಡೊ ಸಂಸ್ಥಾನದ ಗ್ಲೆನ್‌ವುಡ್ ಕಣಿವೆಯಲ್ಲಿ ಡೀಸೆಲ್ ಇಂಜಿನಿನೊಳಗೆ ಚಾಲಕನ ಬಳಿ ಕುಳಿತು ಪ್ರಯಾಣಮಾಡುತ್ತಿದ್ದನು. ಎರಡೂ ಕಡೆ ಗಗನಚುಂಬಿಗಳಾದ ಬಂಡೆಗಳು, ಪಕ್ಕದಲ್ಲಿ ಕೊಲೊರಾಡೊ ನದಿ. ಹಣ ತೆತ್ತ ಪ್ರಯಾಣಿಕನು ಚಿಕ್ಕ ಕಿಟಕಿಯಿಂದ ಗೋಡೆಯನ್ನು ಮಾತ್ರ ಕಾಣುವನು, ಈ ಸಮಗ್ರ ದೃಶ್ಯವಾದರೋ ಇಂಜಿನು ನಡೆಸುವವನ ಪಾಲಿಗೆ ಮಾತ್ರ ಎಂಬುದು ಆತನಿಗೆ ಅನ್ಯಾಯವಾಗಿ ತೋರಿತು. ಬೋಗಿಯ ಮಾಳಿಗೆಯ ಮೇಲೆ ಗಾಜಿನ ಗುಮ್ಮಟವನ್ನು ಕಟ್ಟಿ ಅದರೊಳಗೆ ಆಸನಗಳನ್ನಿಡಬಾರದೇಕೆ ಎಂದು ಯೋಚಿಸಿ ಚಿತ್ರಗಳನ್ನು ಬರೆದನು. ಬರ್ಲಿಂಗ್ಟನ್ ಕಂಪೆನಿಯವರು 1945ರಲ್ಲಿ ಹಳೆಯ ಬೋಗಿಯೊಂದಕ್ಕೆ ಅಂತಹ ಗುಮ್ಮಟವನ್ನು ಕೂಡಿಸಿ ಓಡಿಸಿದರು. ಜನರು ಮೆಚ್ಚಿದರು.

1949ರ ಮಾರ್ಚ್ 20ರಂದು ಕ್ಯಾಲಿಫೋರ್ನಿಯಾ ಜೆಫಿರ್ ತನ್ನ ಮೊದಲ ಯಾತ್ರೆಯನ್ನು ಕೈಕೊಂಡಿತು. ಚಿಕಾಗೋದಿಂದ ಡೆನ್ವರ್‌ವರೆಗೆ ಬರ್ಲಿಂಗ್ಟನ್ ಕಂಪೆನಿ, ಅಲ್ಲಿಂದ ಸಾಲ್ಟ್ ಲೇಕ್ ನಗರದವರೆಗೆ ರಿಯೊ ಗ್ರಾಂಡೆ ಕಂಪೆನಿ, ಮುಂದೆ ಪೆಸಿಫಿಕ್ ಸಾಗರದ ಅಂಚಿನ ಓಕ್ಲೆಂಡ್‌ವರೆಗೆ ವೆಸ್ಟರ್ನ್ ಪೆಸಿಫಿಕ್ ಕಂಪೆನಿ: ಹೀಗೆ ಮೂವರು ಕೂಡಿ ನಡೆಸಿದ ರೈಲಿದು. ಪ್ರತಿಯೊಂದು ರೈಲಿಗೂ ಐದು ಗಾಜಿನ ಗುಮ್ಮಟಗಳು. ಬೋಗಿಗಳೆಲ್ಲಕ್ಕೂ ‘ಸಿಲ್ವರ್’ ಎಂದು, ಎಂದರೆ ಬೆಳ್ಳಿಯೆಂದು, ಪ್ರಾರಂಭವಾಗುವ ಹೆಸರುಗಳು. ಸುಮಾರು 2,500 ಮೈಲುಗಳ ದಾರಿಯನ್ನು ಅದು ಐವತ್ತು ಗಂಟೆಗಳಷ್ಟು ಕಾಲದಲ್ಲಿ ಕ್ರಮಿಸುತ್ತಿತ್ತು. ಪ್ರತಿಸ್ಪರ್ಧಿಯ ರೈಲು ಬೇರೆ ದಾರಿಯಿಂದ ಇದಕ್ಕಿಂತ ಎಷ್ಟೋ ಬೇಗನೆ ಸಾಗರವನ್ನು ಸೇರುತ್ತಿತ್ತು. ಜೆಫಿರಿನವರು ಆ ಪಂದ್ಯಕ್ಕೆ ಹೋಗಲಿಲ್ಲ. ರಾಕಿ ಪರ್ವತಗಳನ್ನೂ ಕ್ಯಾಲಿಫೋರ್ನಿಯಾದ ಫೆದರ್ ನದಿಯ ಕಣಿವೆಯನ್ನೂ ಹಗಲು ಬೆಳಕಿನಲ್ಲಿ ದಾಟುವಂತೆಯೂ, ನೋಡತಕ್ಕುದೇನೂ ಇಲ್ಲದ ಬಯಲನ್ನು ರಾತ್ರಿಯಲ್ಲಿ ಕಳೆಯುವಂತೆಯೂ ವೇಳಾಪಟ್ಟಿಯನ್ನು ಹೊಂದಿಸಿದರು. ಡೆನ್ವರ್ ಬಿಟ್ಟ ಮೇಲೆ ಏರುತ್ತ ಏರುತ್ತ ಆರು ಮೈಲಿಗೂ ಉದ್ದವಾದ ಮೊಫಾಟ್ ಸುರಂಗದಲ್ಲಿ ಹೊಕ್ಕು, ಕತ್ತಲೆಯಿಂದ ಈಚೆಗೆ ಬಂದಾಗ ಗುಮ್ಮಟದಲ್ಲಿ ಕುಳಿತವರಿಗೆ ಉಂಟಾಗುತ್ತಿದ್ದ ಆಶ್ಚರ್ಯವನ್ನು ಆ ಕಾಲದವರು ಮರೆತಿಲ್ಲ. ವೇಗದ ಬೆನ್ನು ಹತ್ತಿದ್ದ ದೇಶದಲ್ಲಿ ನಿಧಾನವನ್ನೇ ಮಾರಾಟಕ್ಕಿಟ್ಟ ರೈಲು ಇದು. ಅಭಿಮಾನಿಗಳು ಇದನ್ನು ಮೆಚ್ಚುವುದರಲ್ಲಿ ಅತಿಶಯೋಕ್ತಿಯೇನೂ ಇಲ್ಲ.

ಆದರೆ ಆರುವ ದೀಪವು ಒಮ್ಮೆ ಹೆಚ್ಚಾಗಿ ಉರಿಯುವುದು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೂ ಟೈರಿಗೂ ಅಭಾವವುಂಟಾಗಿ ಜನರೂ ಸೈನ್ಯವೂ ರೈಲನ್ನೇ ಆಶ್ರಯಿಸಿದ್ದರಿಂದ 1944ರಲ್ಲಿ ಪ್ರಯಾಣಿಕರ ಸಂಚಾರವು ಹಿಂದೆಂದೂ ಇಲ್ಲದಷ್ಟು ಉಬ್ಬಿತು. ಕಂಪೆನಿಗಳು ಆ ಉಬ್ಬರವನ್ನೇ ನಂಬಿ ಹೊಸ ರೈಲುಗಳಿಗೆ ಅಪ್ಪಣೆಕೊಟ್ಟವು. ಜೆಫಿರ್ ಹಳಿಯ ಮೇಲೆ ಬರುವಷ್ಟರಲ್ಲಿ ನೀರು ಇಳಿಯತೊಡಗಿತ್ತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರನು ಅಂತರರಾಜ್ಯ ಹೆದ್ದಾರಿಗಳ ಶಾಸನಕ್ಕೆ ಅಂಕಿತ ಹಾಕಿದನು. ಸರಕಾರದ ಹಣದಿಂದ 41,000 ಮೈಲುಗಳ ರಸ್ತೆಯ ಜಾಲಕ್ಕೆ ಅಸ್ತಿವಾರ ಬಿತ್ತು. 1958ರ ಹೊತ್ತಿಗೆ ಜೆಟ್ ವಿಮಾನಗಳು ಪ್ರಯಾಣಿಕರನ್ನು ಸಾಗಿಸತೊಡಗಿದವು. ರೈಲ್ವೆಯಾದರೋ ತನ್ನ ಹಳಿಯನ್ನು ತಾನೇ ಹಾಕಿ, ತಾನೇ ರಿಪೇರಿಮಾಡಿ, ಅದರ ಮೇಲೆ ತೆರಿಗೆಯನ್ನೂ ತೆರಬೇಕು. ನೂರು ಮೈಲಿ ಇಂಜಿನು ನಡೆಸಿದರೆ ಒಂದು ದಿನದ ಕೂಲಿಯೆಂಬ ಉಗಿಬಂಡಿಯ ಕಾಲದ ಕಟ್ಟಳೆ ಡೀಸೆಲಿನ ಕಾಲದಲ್ಲಿಯೂ ಹಾಗೆಯೇ ಉಳಿದಿತ್ತು. 1959ರ ಏಪ್ರಿಲಿನಲ್ಲಿ ‘ಟ್ರೇನ್ಸ್’ ಎಂಬ ಮಾಸಪತ್ರಿಕೆಯ ಸಂಪಾದಕ ಡೇವಿಡ್ ಮಾರ್ಗನ್ ಎಂಬಾತನು ಪ್ರಯಾಣಿಕ ರೈಲನ್ನು ಗುಂಡಿಟ್ಟು ಕೊಂದವರಾರು ಎಂದು ಕೇಳಿ, ಸಂಚಿಕೆಯ ಬಹುಭಾಗವನ್ನು ಆ ವಿಚಾರಣೆಗೇ ಮೀಸಲಿಟ್ಟನು. 1967ರಲ್ಲಿ ಅಂಚೆ ಇಲಾಖೆಯವರು ಬಹುತೇಕ ರೈಲುಗಳಿಂದ ಟಪ್ಪಾಲನ್ನು ಕಿತ್ತುಕೊಂಡುದು ಉಳಿದಿದ್ದ ಪ್ರಾಣವನ್ನೂ ಹೀರಿತು. ವೆಸ್ಟರ್ನ್ ಪೆಸಿಫಿಕ್ ಕಂಪೆನಿಯವರು ಜೆಫಿರನ್ನು ನಿಲ್ಲಿಸಲು 1966ರಲ್ಲಿಯೇ ಅಪ್ಪಣೆ ಬೇಡಿದ್ದರು. ಜನರ ವಿರೋಧ ಬಲವಾಗಿದ್ದು ಮನವಿ ತಿರಸ್ಕೃತವಾಯಿತು. ಕೊನೆಗೆ 1970ರ ಮಾರ್ಚ್ 22ರಂದು, ಹುಟ್ಟಿ ಇಪ್ಪತ್ತೊಂದು ವರ್ಷ ತುಂಬಿದ ಎರಡು ದಿನಗಳಿಗೆ, ಅದರ ಓಟ ಮುಗಿಯಿತು.

ಇಲ್ಲಿಗೆ ಅಭಿಮಾನಿಗಳ ಕಥೆ ಸಾಮಾನ್ಯವಾಗಿ ನಿಲ್ಲುವುದು. ಗುಮ್ಮಟವನ್ನು ಕಂಡವರು ಹೇಳುವ ಕಥೆಯಿದು. ಹಾಸಿಗೆ ಹಾಸಿದವರು ಹೇಳಬಹುದಾದ ಕಥೆ ಬೇರೆ. ಜೆಫಿರಿನಲ್ಲಿಯೂ, ಅದಕ್ಕೂ ಹಿಂದೆ ಖ್ಯಾತಿವೆತ್ತ ಎಷ್ಟೋ ರೈಲುಗಳಲ್ಲಿಯೂ, ಮಲಗುವ ಗಾಡಿಗಳ ಪರಿಚಾರಕರಾಗಿ ದುಡಿದವರು ನೀಗ್ರೋ ಜನಾಂಗದವರೆಂದು ಆಗ ಕರೆಯಲ್ಪಡುತ್ತಿದ್ದ ಕರಿಯ ಅಮೆರಿಕನರು. ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿಯು 1867ರಲ್ಲಿ ಶಯನಗಾಡಿಗಳ ಕಂಪೆನಿಯನ್ನು ಕಟ್ಟಿ, ಆಗತಾನೆ ದಾಸ್ಯದಿಂದ ಬಿಡುಗಡೆಹೊಂದಿದ್ದವರನ್ನು ಬುದ್ಧಿಪೂರ್ವಕವಾಗಿ ಆರಿಸಿ ಈ ಕೆಲಸಕ್ಕಿಟ್ಟನು. ಸೇವೆಯಲ್ಲಿ ಪಳಗಿದವರು, ಸಂಬಳಕ್ಕೆ ತಗಾದೆ ಮಾಡಲಾರರು ಎಂಬುದು ಎಣಿಕೆ. ಪ್ರಯಾಣಿಕರು ಅವರೆಲ್ಲರನ್ನೂ ‘ಜಾರ್ಜ್’ ಎಂದೇ ಕೂಗುತ್ತಿದ್ದರು. ದಾಸನಿಗೆ ಒಡೆಯನ ಹೆಸರನ್ನೇ ಇಡುವ ಹಳೆಯ ವಾಡಿಕೆ ಉಕ್ಕಿನ ಗಾಡಿಯನ್ನೂ ಏರಿತ್ತು. 1914ರಲ್ಲಿ ಈ ವಾಡಿಕೆಯ ವಿರುದ್ಧ ಒಂದು ಸಂಘ ಹುಟ್ಟಿತು. ಹುಟ್ಟಿಸಿದವರು ಬಿಳಿಯ ಜಾರ್ಜರು, ತಮ್ಮ ಹೆಸರಿಗೆ ಕುಂದಾಯಿತೆಂಬುದು ಅವರ ಕೊರಗು! ಯಾವ ಕಾರಣದಿಂದ ಒಳ್ಳೆಯ ಕೆಲಸಗಳು ನಡೆಯುತ್ತವೆಯೆಂಬುದನ್ನು ವಿಧಿಯೇ ಬಲ್ಲನು.

ಈ ಪರಿಚಾರಕನು ತಿಂಗಳಿಗೆ 400 ಗಂಟೆಗಳವರೆಗೂ ದುಡಿಯಬೇಕಾಗಿತ್ತು. ರಾತ್ರಿ ಪ್ರಯಾಣಿಕರ ಬೂಟುಗಳಿಗೆ ಹೊಳಪು ಕೊಡಬೇಕು. ಹೊಳಪಿನ ಡಬ್ಬಿಯನ್ನು ಸ್ವಂತ ಹಣದಿಂದ ಕೊಳ್ಳಬೇಕು. ಮಲಗುವ ಗಾಡಿಯನ್ನು ಕಾಯುವವನಿಗೆ ಮಲಗಲು ಸ್ಥಳವಿಲ್ಲ. ಹೊಗೆಸೇದುವ ಕೋಣೆಯ ಸೋಫಾದ ಮೇಲೆ ಎರಡು ಮೂರು ಗಂಟೆ ಒರಗಿದರೆ ಅದೇ ನಿದ್ರೆ. ಸಂಬಳ ಸ್ವಲ್ಪ, ಜೀವನ ನಡೆಯುತ್ತಿದ್ದುದು ಭಕ್ಷೀಸಿನಿಂದ. ಆದುದರಿಂದ ಮುಖದ ಮೇಲಿನ ನಗೆಯೂ ಕೆಲಸದ ಒಂದು ಭಾಗವೇ ಆಗಿತ್ತು. ಅಭಿಮಾನಿಗಳು ಇಂದಿಗೂ ಕೊಂಡಾಡುವ ಆ ವಿನಯಪೂರ್ಣ ಸೇವೆಯ ಬೆಲೆ ಇದು.

1925ರ ಆಗಸ್ಟ್ 25ರಂದು ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿ ಎ. ಫಿಲಿಪ್ ರಾಂಡಾಲ್ಫ್ ಎಂಬಾತನ ನೇತೃತ್ವದಲ್ಲಿ ಪರಿಚಾರಕರ ಸಂಘ ಸ್ಥಾಪಿತವಾಯಿತು. ರಾಂಡಾಲ್ಫ್ ಸ್ವತಃ ಪರಿಚಾರಕನಲ್ಲ, ಪತ್ರಿಕಾಕರ್ತ. ಅದೇ ಅವನ ಬಲ, ಏಕೆಂದರೆ ಅವನನ್ನು ಕೆಲಸದಿಂದ ತೆಗೆಯಲು ಕಂಪೆನಿಗೆ ಸಾಧ್ಯವಿರಲಿಲ್ಲ. ಸಂಘಕ್ಕೆ ಸೇರಿದ ಎಷ್ಟೋ ಜನ ಕೆಲಸ ಕಳೆದುಕೊಂಡರು. ಹನ್ನೆರಡು ವರ್ಷಗಳ ಹೋರಾಟದ ತರುವಾಯ 1937ರ ಅದೇ ಆಗಸ್ಟ್ 25ರಂದು ಕಂಪೆನಿಯು ಒಪ್ಪಂದಕ್ಕೆ ರುಜು ಹಾಕಿತು. ತಿಂಗಳ ದುಡಿಮೆ 240 ಗಂಟೆಗಿಳಿಯಿತು. 1955ರಲ್ಲಿ ಮಾಂಟ್‌ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಮಹಿಳೆಯು ಬಸ್ಸಿನ ಆಸನವನ್ನು ಬಿಟ್ಟುಕೊಡದೆ ಬಂಧಿತಳಾದಾಗ ಜಾಮೀನಿಗೆ ಧಾವಿಸಿದ ಇ. ಡಿ. ನಿಕ್ಸನ್ ಪುಲ್‌ಮನ್ ಪರಿಚಾರಕ, ಇದೇ ಸಂಘದ ಸ್ಥಳೀಯ ಮುಖಂಡ. 1963ರ ವಾಷಿಂಗ್ಟನ್ ಯಾತ್ರೆಯ ಸಂಘಟಕರಲ್ಲಿ ಅಗ್ರಗಣ್ಯನಾದವನು ವೃದ್ಧ ರಾಂಡಾಲ್ಫ್. ಹಾಸಿಗೆ ಮಡಿಸುತ್ತಿದ್ದ ಕೈಗಳೇ ಒಂದು ಜನಾಂಗದ ವಿಮೋಚನೆಗೆ ಚಂದಾ ಕೂಡಿಸಿದವು.

ಪ್ರಯಾಣಿಕನಾಗಿ ಬಂದ ಕರಿಯನ ಪಾಡಾದರೂ ಏನು? 1942ರಲ್ಲಿ ಎಲ್ಮರ್ ಹೆಂಡರ್ಸನ್ ಎಂಬ ಸರಕಾರೀ ನೌಕರನು ದಕ್ಷಿಣದ ಕಡೆಗೆ ಹೋಗುವ ರೈಲಿನ ಊಟದ ಗಾಡಿಗೆ ಹೋದನು. ಅಡಿಗೆಮನೆಯ ಪಕ್ಕದ ಎರಡು ಮೇಜುಗಳು ಕರಿಯರವು, ನಡುವೆ ಪರದೆ. ಆ ದಿನ ಬಿಳಿಯರು ಅಲ್ಲಿಯೂ ಕುಳಿತಿದ್ದರು. ಹೆಂಡರ್ಸನ್ನನು ಉಪವಾಸ ಮರಳಿದನು. ಆತನು ವ್ಯಾಜ್ಯ ಹೂಡಿದನು. 1950ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪರದೆಯನ್ನು ತೆಗೆಸಿತು. ಊಟದ ಗಾಡಿಯ ಬಿಳಿಯ ಮೇಜುಬಟ್ಟೆಯನ್ನೂ ಹೂದಾನಿಯನ್ನೂ ವರ್ಣಿಸುವ ಗ್ರಂಥಗಳು ಬೇಕಾದಷ್ಟಿವೆ. ಪರದೆಯನ್ನು ವರ್ಣಿಸುವವು ಕಡಿಮೆ.

ಇದರಿಂದ ಅಭಿಮಾನಿಗಳ ಪ್ರೀತಿ ಸುಳ್ಳೆಂದು ತೀರ್ಮಾನಿಸುವುದೂ ತಪ್ಪು. 1971ರ ಮೇ 1ರಂದು ಸರಕಾರದ ಆಶ್ರಯದಲ್ಲಿ ಆಮ್‌ಟ್ರ್ಯಾಕ್ ಎಂಬ ಸಂಸ್ಥೆಯು ಉಳಿದ ರೈಲುಗಳನ್ನು ವಹಿಸಿಕೊಂಡಾಗ, ಇದ್ದ ಕೆಲವು ನೂರುಗಳಲ್ಲಿಯೂ ಸುಮಾರು ಅರ್ಧದಷ್ಟು ಒಂದೇ ದಿನದಲ್ಲಿ ನಿಂತವು. ರಿಯೊ ಗ್ರಾಂಡೆ ಕಂಪೆನಿಯು ಅದಕ್ಕೆ ಸೇರದೆ, ಜೆಫಿರಿನ ಬೆಳ್ಳಿಯ ಬೋಗಿಗಳಲ್ಲಿ ತನ್ನ ಪಾಲಿನವನ್ನು ಡೆನ್ವರಿನಿಂದ ಪಶ್ಚಿಮಕ್ಕೆ ವಾರಕ್ಕೆ ಮೂರು ಸಲದಂತೆ 1983ರವರೆಗೆ ಓಡಿಸಿತು. ಅದನ್ನು ಹತ್ತಲೆಂದೇ ದೂರದೂರದಿಂದ ಜನರು ಬರುತ್ತಿದ್ದರು. ಆ ವರ್ಷ ಆಮ್‌ಟ್ರ್ಯಾಕಿನವರು ತಮ್ಮ ರೈಲನ್ನು ಈ ಮಾರ್ಗಕ್ಕೆ ತಿರುಗಿಸಿ ಕ್ಯಾಲಿಫೋರ್ನಿಯಾ ಜೆಫಿರ್ ಎಂಬ ಹಳೆಯ ಹೆಸರನ್ನೇ ಇಟ್ಟರು. ಸಾಲ್ಟ್ ಲೇಕಿನ ಆಚೆಗೆ ಅದು ಫೆದರ್ ನದಿಯ ಕಣಿವೆಯನ್ನು ಬಿಟ್ಟು ಬೇರೆ ದಾರಿ ಹಿಡಿಯುವುದೆಂಬುದನ್ನು ಹಳಬರು ಇಂದಿಗೂ ಕ್ಷಮಿಸಿಲ್ಲ. ಗುಮ್ಮಟದ ಸುಖವನ್ನೇ ಬಯಸುವವರು ಕೆನಡಾ ದೇಶಕ್ಕೆ ಹೋಗಿ, 1955ರಲ್ಲಿ ಪ್ರಾರಂಭವಾದ ‘ಕೆನೇಡಿಯನ್’ ಎಂಬ ರೈಲಿನ ಅದೇ ಕಾಲದ ಉಕ್ಕಿನ ಬೋಗಿಗಳಲ್ಲಿ ಕುಳಿತು ಬರುವರು. ಚಿಕಾಗೋದಲ್ಲಿ 1995ರಲ್ಲಿ ರಾಂಡಾಲ್ಫನ ಹೆಸರಿನಲ್ಲಿ ಪರಿಚಾರಕರ ವಸ್ತುಸಂಗ್ರಹಾಲಯವೂ ತೆರೆಯಿತು. 2015ರಲ್ಲಿ ಪುಲ್‌ಮನ್ನನ ಕಾರ್ಖಾನೆಯಿದ್ದ ಪೇಟೆ ರಾಷ್ಟ್ರೀಯ ಸ್ಮಾರಕವೆನಿಸಿತು. ಹಳೆಯ ಪರಿಚಾರಕರ ಮಾತುಗಳನ್ನು ಕೇಳಿ ಬರೆದಿಟ್ಟವರೂ ಉಂಟು. ಅವರಲ್ಲಿ ಅನೇಕರು ಅವಮಾನವನ್ನು ಮರೆಮಾಚದೆ, ತಾವು ಸವೆಸಿದ ದಾರಿಯ ಊರುಗಳನ್ನೂ ತಮ್ಮ ಸಮವಸ್ತ್ರವನ್ನೂ ಹೆಮ್ಮೆಯಿಂದಲೇ ನೆನೆದಿದ್ದಾರೆ. ರೈಲಿನ ಹಂಬಲವು ಗುಮ್ಮಟದಲ್ಲಿ ಕುಳಿತವರೊಬ್ಬರ ಸ್ವತ್ತೇ ಆಗಿರಲಿಲ್ಲ.

ಆಸ್‌ಬರ್ನನು ಗುಮ್ಮಟದ ಕನಸು ಕಂಡ ಗ್ಲೆನ್‌ವುಡ್ ಕಣಿವೆಯಲ್ಲಿ 1950ರಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿ, ಅದರ ಮೇಲೆ ಗುಮ್ಮಟದ ಬೋಗಿಯ ಹೊಳೆಯುವ ಪ್ರತಿಕೃತಿಯನ್ನಿಟ್ಟರು. ಕೆಲವು ದಶಕಗಳ ಮೇಲೆ ಅಂತರರಾಜ್ಯ ಹೆದ್ದಾರಿಯನ್ನು ಅದೇ ಕಣಿವೆಯಲ್ಲಿ ತರಬೇಕಾಗಿ ಬಂದು, ಸ್ಥಳ ಸಾಲದೆ, ಸ್ಮಾರಕವನ್ನು ಅಲ್ಲಿಂದ ತೆಗೆದು ಗೋಲ್ಡನ್ ಎಂಬ ಊರಿನ ರೈಲ್ವೆ ವಸ್ತುಸಂಗ್ರಹಾಲಯದ ಅಂಗಳಕ್ಕೆ ಸಾಗಿಸಿದರು. ಹೆದ್ದಾರಿ 1992ರಲ್ಲಿ ಪೂರ್ತಿಯಾಯಿತು. ಇಂದಿನ ಜೆಫಿರ್ ನದಿಯ ಈಚೆಯ ದಡದಲ್ಲಿ ಸಾಗುವಾಗ ಆಚೆಯ ದಡದಲ್ಲಿ ಮೋಟಾರುಗಳು ಅದನ್ನು ಹಿಂದೆಹಾಕಿ ಹೋಗುತ್ತಿರುತ್ತವೆ. ಸ್ಮಾರಕವಿದ್ದ ಸ್ಥಳವೆಲ್ಲಿಯೆಂದು ರೈಲಿನೊಳಗಿನ ವೃದ್ಧರಾರಾದರೂ ಪಕ್ಕದವರಿಗೆ ಕೈತೋರಿಸುವುದುಂಟು.