ಅರಸಿಯರು ಮತ್ತು ದಾಖಲೆಯ ಒಡೆತನ: ಯೇವೂರಿನಿಂದ ಸುರಪುರದವರೆಗೆ

ಯಾದಗಿರಿ, ಶಹಾಪುರ, ಸುರಪುರ ಭಾಗದ ಸಗರನಾಡಿನ ಚರಿತ್ರೆ ಎಂದೊಡನೆ ಎರಡು ಹೆಸರು ಮುಂದೆ ಬರುತ್ತವೆ. 1705ರಲ್ಲಿ ವಾಗಣಗೇರಾ ಕೋಟೆಯಿಂದ ಔರಂಗಜೇಬನನ್ನು ಎದುರಿಸಿದ ಪಿಡ್ಡನಾಯಕ ಒಬ್ಬ, 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ರಾಜಾ ವೆಂಕಟಪ್ಪನಾಯಕ ಇನ್ನೊಬ್ಬ. ಈ ನಾಡಿನ ರಾಜಮನೆತನದ ಹೆಣ್ಣುಮಕ್ಕಳ ಮಾತು ಬಂದರೆ ನಮ್ಮ ಬರಹಗಳು ದಾನ, ದೇಗುಲ, ತಾಯ್ತನ ಇಷ್ಟಕ್ಕೇ ನಿಂತುಬಿಡುತ್ತವೆ. ಇದಕ್ಕೆ ಆಧಾರಗಳ ಕೊರತೆ ಕಾರಣವಲ್ಲ. ಆಧಾರಗಳನ್ನು ಯಾರು ಬರೆದರು ಎಂದು ಕೇಳದೆ ಓದಿದ್ದೇ ಕಾರಣ ಎಂಬುದು ಈ ಲೇಖನದ ವಾದ.

ಸುರಪುರ ಸೀಮೆಯ ಯೇವೂರಿನ 1077ರ ಶಾಸನವನ್ನು ವಿದ್ವಾಂಸರು ಬಹುಕಾಲದಿಂದ ಬಳಸುತ್ತ ಬಂದಿರುವುದು ಕಲ್ಯಾಣ ಚಾಲುಕ್ಯರ ವಂಶಾವಳಿಗಾಗಿ. ಆ ವಂಶಾವಳಿಯಲ್ಲಿ ಎರಡನೆಯ ತೈಲಪನ ತಾಯಿ ಬೊಂತಾದೇವಿ ಚೇದಿಯ ಲಕ್ಷ್ಮಣರಾಜನ ಮಗಳು. ತೈಲಪನ ಹೆಂಡತಿ ಜಾಕವ್ವೆ ರಾಷ್ಟ್ರಕೂಟ ಕುಲದವಳು. ರಾಷ್ಟ್ರಕೂಟರಿಂದ ರಾಜ್ಯ ಕಿತ್ತುಕೊಂಡ ತೈಲಪನಿಗೆ ಅದೇ ಕುಲದ ಹೆಣ್ಣು ಮನೆಯಲ್ಲಿದ್ದುದು ಸಣ್ಣ ಸಂಗತಿಯಲ್ಲ. ಗೆದ್ದದ್ದು ಕತ್ತಿಯಿಂದಲೇ ಇರಬಹುದು, ಹಕ್ಕು ಹೇಳಿಕೊಳ್ಳಲು ಈ ನಂಟು ಒದಗಿತು. ನೂರು ವರ್ಷ ಕಳೆದ ಮೇಲೂ ಶಾಸನಕಾರ ಅವಳ ಹೆಸರನ್ನು ಬಿಟ್ಟಿಲ್ಲ.

ಇದೇ ವಂಶದ ಅಕ್ಕಾದೇವಿ, ದೊರೆ ಜಯಸಿಂಹನ ಸೋದರಿ, ಇನ್ನೂ ಒಂದು ಹೆಜ್ಜೆ ಮುಂದೆ. ಕಿಸುಕಾಡು-70 ಎಂಬ ನಾಡನ್ನು ಆಳಿದವಳು, 1047ರ ಶಾಸನದಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿರುವಂತೆ ಕಾಣಿಸುತ್ತಾಳೆ. ಇದೇ ವಂಶದ ದೊರೆ ಸೋಮೇಶ್ವರನ ರಾಣಿ ಕೇತಲದೇವಿಗೆ ಪೊನ್ನವಾಡ ಅಗ್ರಹಾರದ ಆಡಳಿತವಿತ್ತು. ಇವನ್ನೆಲ್ಲ ಅಪವಾದವೆಂದು ಅಡಿಟಿಪ್ಪಣಿಗೆ ತಳ್ಳುವುದು ನಮ್ಮ ಹಳೆಯ ಚಾಳಿ.

ಹೊರಗಿನ ಒಂದು ಹೋಲಿಕೆ ಇಲ್ಲಿ ಉಪಯುಕ್ತ. ಜರ್ಮನಿಯ ಸ್ಯಾಕ್ಸನಿ ಪ್ರದೇಶದ ಕ್ವೆಡ್ಲಿನ್‌ಬುರ್ಗ್ ಕ್ರೈಸ್ತ ಮಠವನ್ನು 936ರಲ್ಲಿ ನೆಲೆಗೊಳಿಸಿದವಳು ದೊರೆ ಹೆನ್ರಿಯ ವಿಧವೆ ಮಟಿಲ್ಡಾ. ಅದೇ ಹೆಸರಿನ ಅವಳ ಮೊಮ್ಮಗಳು 966ರಿಂದ 999ರವರೆಗೆ ಅಲ್ಲಿನ ಮಠಾಧಿಪತಿ. 997ರಲ್ಲಿ ಚಕ್ರವರ್ತಿ ಮೂರನೆಯ ಒಟ್ಟೋ ಇಟಲಿಗೆ ಹೊರಟಾಗ ರಾಜ್ಯವನ್ನು ನೋಡಿಕೊಂಡವಳೂ ಅವಳೇ. ತೈಲಪನಿಗೆ ಸಮಕಾಲೀನಳಾದ ಈಕೆಗೂ ನಮ್ಮ ಅರಸಿಯರಿಗೂ ಅಧಿಕಾರದಲ್ಲಿ ಅಷ್ಟೇನೂ ಅಂತರವಿಲ್ಲ. ಅಂತರವಿರುವುದು ದಾಖಲೆಯಲ್ಲಿ: ಆ ಮಠದಲ್ಲಿಯೇ ವರ್ಷವರ್ಷದ ವೃತ್ತಾಂತ ಬರೆಯಲಾಯಿತು.

ಸುರಪುರದ ರಾಣಿ ಈಶ್ವರಮ್ಮನಿಗೆ ಅಂಥ ಭಾಗ್ಯ ಇರಲಿಲ್ಲ. ಮಧ್ಯಯುಗ ದಾಟಿದ ಮೇಲಿನವಳಾದರೂ ಅವಳ ಪ್ರಕರಣವೇ ದಾಖಲೆಯ ಈ ತೊಡಕನ್ನು ಬಿಚ್ಚಿ ತೋರಿಸುತ್ತದೆ. ಗಂಡ ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ, ಮುಂದೆ 1858ರಲ್ಲಿ ಬಂಡೆದ್ದವನು, ಇನ್ನೂ ಬಾಲಕ. ಮೈದುನ ಪಿಡ್ಡನಾಯಕನಿಗೂ (1705ರವನಲ್ಲ, ಅದೇ ಹೆಸರಿನ ಇನ್ನೊಬ್ಬ) ರಾಣಿಗೂ ಆಡಳಿತದ ವಿಷಯದಲ್ಲಿ ಜಗಳ. ಇದನ್ನು ಸರಿಪಡಿಸಲು 1841ರಲ್ಲಿ ಬಂದವನು ಹೈದರಾಬಾದ್ ನಿಜಾಮನ ಸೇವೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ, ಕಾದಂಬರಿಕಾರ ಮೆಡೋಸ್ ಟೇಲರ್. ಅವನ ಆತ್ಮಕಥೆ 1877ರಲ್ಲಿ, ಅವನು ತೀರಿಕೊಂಡ ಮರುವರ್ಷ, ಮಗಳು ಆಲಿಸಳ ಸಂಪಾದಕತ್ವದಲ್ಲಿ ಹೊರಬಂತು. ರಾಣಿಯ ಬಗ್ಗೆ ನಮಗೆ ಪರಿಚಿತವಾದದ್ದರಲ್ಲಿ ಬಹುಪಾಲು ಇದೇ ಪುಸ್ತಕದ್ದು.

ಅದರಲ್ಲೊಂದು ಪ್ರಸಂಗವಿದೆ. ಕಾಯಿಲೆಯಲ್ಲಿದ್ದ ರಾಣಿ ಮಗನ ಜಾತಕವನ್ನು ಟೇಲರನ ಮುಂದಿಡುತ್ತಾಳೆ. ಇಪ್ಪತ್ತನಾಲ್ಕನೆಯ ವರ್ಷ ಅವನಿಗೆ ಕಂಟಕ ಎಂಬ ಗುಟ್ಟು ಬಯಲಾಗುತ್ತದೆ. 1858ರಲ್ಲಿ ಸೆರೆಯಾಳಾಗಿ ಸಾಗುತ್ತಿದ್ದ ವೆಂಕಟಪ್ಪ ಗುಂಡೇಟಿನಿಂದ ಸತ್ತದ್ದನ್ನು ಟೇಲರ್ ಈ ಜಾತಕಕ್ಕೆ ಗಂಟುಹಾಕುತ್ತಾನೆ. ಕಥೆ ಓದಿಸಿಕೊಂಡು ಹೋಗುತ್ತದೆ, ಕಾದಂಬರಿಕಾರನಲ್ಲವೇ! ಆದರೆ ಆಳ್ವಿಕೆಯ ಹಕ್ಕಿಗೆ ಹೋರಾಡಿದ ಹೆಣ್ಣು ಅಲ್ಲಿ ಜಾತಕಕ್ಕೆ ಅಂಜುವ ತಾಯಿಯಾಗಿ ಉಳಿಯುತ್ತಾಳೆ. ರಾಣಿ ಅಸಮರ್ಥಳೆಂದು ಸಾಬೀತಾದಷ್ಟೂ ಟೇಲರನ ಹುದ್ದೆಗೆ ಸಮರ್ಥನೆ ಸಿಗುತ್ತಿತ್ತು. ಅವನು ಸುಳ್ಳು ಬರೆದನೆಂದು ಇದರ ಅರ್ಥವಲ್ಲ. ಪಕ್ಷಗಾರನೊಬ್ಬನ ಸಾಕ್ಷಿಯನ್ನು ನಾವು ತೀರ್ಪಿನಂತೆ ಸ್ವೀಕರಿಸಿದ್ದೇವೆ, ಅಷ್ಟೇ.

ಯಾದಗಿರಿ, ಶಹಾಪುರ, ಸುರಪುರ ಭಾಗದ ಶಾಸನಗಳನ್ನು ಮರುಪರಿಶೀಲಿಸುವ ಸಂಶೋಧಕರು ಸ್ತ್ರೀನಾಮಗಳ ಪಟ್ಟಿಗೆ ತೃಪ್ತರಾಗದೆ, ಪ್ರತಿ ಹೆಸರಿನೆದುರು ದಾನಿಯೋ, ಆಳಿದವಳೋ, ವಂಶದ ಕೊಂಡಿಯೋ ಎಂಬುದನ್ನು ನಮೂದಿಸಬೇಕು. ಈಶ್ವರಮ್ಮನ ವಿಷಯದಲ್ಲಿ ಟೇಲರನ ಮಾತನ್ನು ಹೈದರಾಬಾದಿನ ಆಡಳಿತ ದಾಖಲೆಗಳೊಡನೆ ಒರೆಗೆ ಹಚ್ಚದೆ ಇನ್ನು ಮುಂದೆ ಉದ್ಧರಿಸಬಾರದು.