ಒಂದೇ ಕೈಯಲ್ಲಿ ‘ಕೊಬ್ಬರಿ’

ತಿಪಟೂರಿನ ಕೊಬ್ಬರಿ ವ್ಯಾಪಾರ ಬಹುಕಾಲ ಕೈಬರಹದ ಲೆಕ್ಕದಲ್ಲೇ ನಡೆಯಿತು. 2014ರಲ್ಲಿ ರಾಜ್ಯಕ್ಕೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು, ಹರಾಜಿನ ದರ ಕಂಪ್ಯೂಟರಿಗೆ ಏರಿತು. ತೆಂಗಿನ ಮರದಿಂದ ಬಿದ್ದೋ ನಾರಿನ ಯಂತ್ರಕ್ಕೆ ಸಿಕ್ಕಿಯೋ ಕೈ ಕಳೆದುಕೊಂಡವರಿಗೆ ಈ ಕೀಲಿಮಣೆ ಹೊಸ ಜೀವನೋಪಾಯ ಆಗಬೇಕಿತ್ತು.

ಕೀಲಿಮಣೆ ಮಾತ್ರ ಎರಡು ಕೈಗಳನ್ನು ನೆನೆದೇ ಹುಟ್ಟಿದ್ದು. 1991ರ ರಾಷ್ಟ್ರೀಯ ಮಾನಕ ಒಳಗೊಂಡ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಒಂಟಿ ಕೈಗೆ ಹೆಚ್ಚಿನ ಗುಣಿತಾಕ್ಷರಗಳಿಗೆ ಆ ತುದಿಯಿಂದ ಈ ತುದಿಗೆ ಓಟ.

ನುಡಿ ತಂತ್ರಾಂಶದಿಂದ ಮನೆಮಾತಾದ ಕೆ.ಪಿ. ರಾವ್ ವಿನ್ಯಾಸ ಇಲ್ಲಿ ಎಷ್ಟೋ ಮೇಲು. ‘ಕೊಬ್ಬರಿ’ಗೆ ಏಳು ಸಲ ಒತ್ತಿದರಾಯಿತು, ಶಿಫ್ಟ್ ಬೇಡವೇ ಬೇಡ. ಊರ ಹೆಸರುಗಳಲ್ಲಿ ‘ತುರುವೇಕೆರೆ’ಗೆ ‘ವೇ’ಯ ದೀರ್ಘಕ್ಕಾಗಿ ಶಿಫ್ಟ್ ಒಮ್ಮೆ ಬೇಕು. ‘ಚಿಕ್ಕನಾಯಕನಹಳ್ಳಿ’ಗೆ ಮೂರು ಸಲ: ‘ನಾ’ದ ದೀರ್ಘಕ್ಕೊಂದು, ‘ಳ್ಳಿ’ಯ ಎರಡು ಳಕಾರಗಳಿಗೆ ಎರಡು. ಎರಡು ಕೀಲಿಗಳನ್ನು ಒಟ್ಟಿಗೆ ಹಿಡಿಯಬೇಕಾದ ಆ ಕ್ಷಣದಲ್ಲೇ ಒಂಟಿ ಕೈ ಸೋಲುವುದು.

ಆ ಗಂಟು ಬಿಡಿಸಿದ್ದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರ. ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ನಿಧಾನವಾಗಿ ಅಕ್ಷರ ಒತ್ತುವ ‘ಸ್ಟಿಕಿ ಕೀಸ್’ ಸೌಲಭ್ಯ ವಿಂಡೋಸ್ 95ರಲ್ಲೇ ಸೇರಿತು. ಇದಕ್ಕೆ ಕಾಸಿನ ಖರ್ಚಿಲ್ಲ. ಶಿಫ್ಟ್ ಕೀಲಿಯನ್ನು ಸತತ ಐದು ಸಲ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಊರೂರಿನ ಕಂಪ್ಯೂಟರ್ ತರಗತಿಗಳಲ್ಲಿ ಮೊದಲ ದಿನವೇ ಹೇಳಿಕೊಡಬೇಕಾದ ಪಾಠವಿದು.