ಎಲ್ಲೋರದ ಕತ್ತಲೆ, ಪ್ಯಾರಿಸ್ಸಿನ ಗಾಯಕವೃಂದ: ರೂಸೆಲರ ‘ಎವೊಕಾಸಿಯೋಂ’ ಮಳಖೇಡದ ಕಡೆಯಿಂದ

ಫ್ರೆಂಚ್ ಸಂಗೀತರಚನಕಾರ ಆಲ್ಬೇರ್ ರೂಸೆಲ್ 1909ರಲ್ಲಿ ಪತ್ನಿ ಬ್ಲಾಂಶ್ ಅವರೊಡನೆ ಭಾರತಕ್ಕೆ ಬಂದು ಎಲ್ಲೋರ ನೋಡಿದಾಗ, ಆ ಗುಹೆಗಳೂ ನಮ್ಮ ಕಲಬುರಗಿ ಸೀಮೆಯ ಕುಂಚಾವರಂ ಕಾಡೂ ಒಂದೇ ಸಂಸ್ಥಾನದಲ್ಲಿದ್ದವು. ಸೇಡಂ, ಚಿಂಚೋಳಿ, ಚಿತ್ತಾಪುರ, ವಾಡಿ, ಶಹಾಬಾದ್‌ಗಳಂತೆ ಔರಂಗಾಬಾದ್ ಸೀಮೆಯನ್ನೂ ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಆಳುತ್ತಿದ್ದ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಎರಡೂ ಬೇರೆಬೇರೆ ರಾಜ್ಯಗಳ ಪಾಲಾದವು. ನಿಜಾಮರ ಕಾಲದ ಈ ನಂಟು ಈಚಿನದು. ಇದಕ್ಕಿಂತ ಸಾವಿರ ವರ್ಷ ಹಿಂದಿನ ಇನ್ನೊಂದು ನಂಟಿದೆ. ರೂಸೆಲ್ ಎಲ್ಲೋರದಿಂದ ಹುಟ್ಟಿಸಿದ ಸಂಗೀತವನ್ನು ಆ ಹಳೆಯ ನಂಟಿನ ಬೆಳಕಿನಲ್ಲಿ ಕೇಳಬೇಕು ಎಂಬುದು ಈ ಲೇಖನದ ವಾದ.

ರೂಸೆಲ್ (1869–1937) ಮೊದಲು ನೌಕಾಪಡೆಯ ಅಧಿಕಾರಿ. 1894ರಲ್ಲಿ ಕೆಲಸ ಬಿಟ್ಟು ಸಂಗೀತಕ್ಕೆ ಬಂದವರು. ಪ್ಯಾರಿಸ್ಸಿನ ಸ್ಕೋಲಾ ಕಾಂಟೋರುಮ್ ಶಾಲೆಯಲ್ಲಿ ವೆಂಸಾಂ ದಾಂದಿ ಅವರ ಬಳಿ ಕಲಿತು, 1902ರಿಂದ ಅಲ್ಲಿಯೇ ಪಾಠ ಹೇಳಿದರು. ಪ್ರವಾಸ ಮುಗಿಸಿ 1910–11ರಲ್ಲಿ ಬರೆದ ಕೃತಿಯೇ ‘ಎವೊಕಾಸಿಯೋಂ’. ‘ಆವಾಹನೆಗಳು’ ಎಂದರೆ ಅರ್ಥ ಹತ್ತಿರವಾದೀತು. 1912ರ ಮೇ 18ರಂದು ಪ್ಯಾರಿಸ್ಸಿನಲ್ಲಿ ರೆನೆ-ಬಾಟೋಂ ನಿರ್ದೇಶನದಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಭಾಗಗಳು ಮೂರು: ಎಲ್ಲೋರದಿಂದ ಪ್ರೇರಿತವಾದ ‘ಗುಹೆಗಳ ನೆರಳಿನಲ್ಲಿ ದೇವರುಗಳು’, ಜೈಪುರದ ‘ಗುಲಾಬಿ ನಗರ’, ಕಾಶಿಯ ‘ಪವಿತ್ರ ನದಿಯ ದಂಡೆಯಲ್ಲಿ’. ಮೊದಲ ಎರಡರಲ್ಲಿ ವಾದ್ಯವೃಂದ ಮಾತ್ರ. ಮೂರನೆಯದರಲ್ಲಿ ಮೂವರು ಏಕಗಾಯಕರೂ ದೊಡ್ಡ ಗಾಯಕವೃಂದವೂ ಸೇರುತ್ತಾರೆ. ಅದರ ಸಾಹಿತ್ಯ ವಿಮರ್ಶಕ ಕಾಲ್ವೊಕೊರೆಸ್ಸಿ ಅವರದು.

ಇದನ್ನು ವೃಂದಗಾನ ಸಿಂಫನಿ ಎನ್ನಬಹುದೇ? ರೂಸೆಲ್ ಇದನ್ನು ತಮ್ಮ ನಾಲ್ಕು ಸಿಂಫನಿಗಳ ಎಣಿಕೆಗೆ ಸೇರಿಸಿಲ್ಲ. ಇದಕ್ಕೆ ಕೆಲವು ವರ್ಷ ಮೊದಲು ಗಿ ರೊಪಾರ್ಟ್ಸ್ ತಮ್ಮ ಮೂರನೆಯ ಸಿಂಫನಿಗೆ (1905), ನಾಲ್ಕು ದಶಕಗಳ ಬಳಿಕ ಡಾರಿಯಸ್ ಮಿಯೋ ತಮ್ಮ ಮೂರನೆಯದಕ್ಕೆ (1946) ಗಾಯಕವೃಂದ ಸೇರಿಸಿ ಸಿಂಫನಿ ಎಂದೇ ಕರೆದರು. ಆದರೂ ಹಾಡುವವರನ್ನು ಕೊನೆಯ ಭಾಗದವರೆಗೆ ಸುಮ್ಮನೆ ಕೂರಿಸುವ ಕ್ರಮ ಬೇಟೋವನ್‌ನ ಒಂಬತ್ತನೆಯ ಸಿಂಫನಿಯದೇ. ಆ ಪರಂಪರೆಗೆ ‘ಎವೊಕಾಸಿಯೋಂ’ ಸೇರುತ್ತದೆಂದು ನಾನು ಒಪ್ಪುತ್ತೇನೆ. ಹೆಸರಿಗಿಂತ ಮುಖ್ಯವಾದದ್ದು ಆ ಕಾಯಿಸುವಿಕೆ. ಕಾಶಿಯಲ್ಲಿ ದನಿ ತೆರೆಯುವ ಮನುಷ್ಯರು ಎಲ್ಲೋರದಲ್ಲಿ ಏಕೆ ಬಾಯಿ ಬಿಡುವುದಿಲ್ಲ?

ಮೊದಲ ಭಾಗ ಕೆಳಸ್ವರಗಳ ಮಂದ್ರದಲ್ಲಿ, ನಿಧಾನವಾಗಿ ಶುರುವಾಗುತ್ತದೆ. ಕತ್ತಲಿಗೆ ಕಣ್ಣು ಹೊಂದಿಕೊಂಡಂತೆ ಒಂದೊಂದೇ ಆಕಾರ ಕಾಣುವ ಹಾಗೆ ವಾದ್ಯಗಳು ಸೇರಿಕೊಳ್ಳುತ್ತವೆ. ನಡುವೆ ಕುಣಿತದ ಆವೇಶವೂ ಬರುತ್ತದೆ. ಆದರೆ ದೇವರಿಗೆ ಹೆಸರಿಲ್ಲ, ಕಟ್ಟಿಸಿದವನಿಗೂ ಹೆಸರಿಲ್ಲ. ಇದು ರೂಸೆಲ್ ಬೇಕೆಂದೇ ಮಾಡಿದ್ದು. ಪ್ರೇರಣೆ ಭಾರತದ್ದೇ ಆದರೂ ಕೇಳುಗನಿಗೆ ಇದು ಇಂಥದೇ ದೇಶ ಎನಿಸಬಾರದು, ಪೂರ್ವದ ಯಾವ ನಾಡಾದರೂ ಆಗಬಹುದು ಎಂಬುದು ಅವರ ನಿಲುವಾಗಿತ್ತು. ಅಗ್ಗದ ಸ್ಥಳೀಯ ಬಣ್ಣ ಬಳಿಯದಿರುವ ಈ ಸಂಯಮಕ್ಕೆ ನನಗೆ ಗೌರವವಿದೆ. ರಚನಕಾರ ಹೀಗೆ ತೆಗೆದಿಟ್ಟ ಹೆಸರುಗಳನ್ನು ಇತಿಹಾಸ ಬರೆಯುವವನು ಮಾತ್ರ ಬಿಟ್ಟುಬಿಡಲಾಗದು.

ಎಲ್ಲೋರದ ಕೈಲಾಸ ದೇವಾಲಯ ರಾಷ್ಟ್ರಕೂಟರದು. ಒಂದನೆಯ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಕರಿಯ ಬಸಾಲ್ಟ್ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ಬಿಡಿಸಿದ ಗುಡಿ ಅದು. ಒಂಬತ್ತನೆಯ ಶತಮಾನದ ಆರಂಭದ ಬರೋಡಾ ತಾಮ್ರಶಾಸನ ಕೃಷ್ಣನು ಕಟ್ಟಿಸಿದ ಈ ಗುಡಿಯನ್ನು ಬಣ್ಣಿಸುತ್ತದೆ: ವಿಮಾನಗಳಲ್ಲಿ ಸಾಗುವ ದೇವತೆಗಳೇ ಕಂಡು ಬೆರಗಾದರಂತೆ, ಮಾಡಿದ ಶಿಲ್ಪಿಯೂ ತಾನಿದನ್ನು ಹೇಗೆ ಮಾಡಿದೆನೋ ಎಂದು ವಿಸ್ಮಯಪಟ್ಟನಂತೆ. ಆ ಮಾತು ಎಲ್ಲೋರದ ಕೈಲಾಸವನ್ನು ಕುರಿತದ್ದೆಂದು ಆರ್. ಜಿ. ಭಂಡಾರ್ಕರ್ 1880ರ ದಶಕದಲ್ಲಿಯೇ ಗುರುತಿಸಿದ್ದರು. ಅದೇ ವಂಶದ ಅಮೋಘವರ್ಷ ನೃಪತುಂಗ ಒಂಬತ್ತನೆಯ ಶತಮಾನದಲ್ಲಿ ಆಳಿದ್ದು ಮಾನ್ಯಖೇಟದಿಂದ, ಅಂದರೆ ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಮಳಖೇಡದಿಂದ. ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಬೆದಂಡೆ, ಚತ್ತಾಣ ಎಂಬ ಕನ್ನಡ ಕಾವ್ಯಪ್ರಕಾರಗಳನ್ನು ಹೆಸರಿಸುತ್ತದೆ. ಕೆ. ಬಿ. ಪಾಠಕರು ಆ ಗ್ರಂಥವನ್ನು 1898ರಲ್ಲಿ ಅಚ್ಚು ಹಾಕಿಸಿದರು, ರೂಸೆಲ್ ಎಲ್ಲೋರಕ್ಕೆ ಬರುವ ಹನ್ನೊಂದು ವರ್ಷ ಮೊದಲು. ಎಲ್ಲೋರದ ಜೈನ ಗುಹೆಗಳಲ್ಲಿ ಹಳಗನ್ನಡ ಲಿಪಿಯ ಬರಹಗಳೂ ಇವೆ. ರಾಜಧಾನಿಯಾಗಿದ್ದ ಮಳಖೇಡದಲ್ಲಿ ಇಂದಿಗೂ ಜೈನ ಬಸದಿ ಉಳಿದಿದೆ.

ಹಾಗಾಗಿ ಆ ಗುಹೆಗಳು ಎಂದಿನಿಂದಲೂ ಮೂಕವಾಗಿರಲಿಲ್ಲ. ಅಲ್ಲಿ ಪೂಜೆ ನಡೆದಿತ್ತು, ದಾನಗಳು ನಡೆದಿದ್ದವು, ಅಕ್ಷರ ಬಲ್ಲವರು ಗೋಡೆಗೆ ಬರಹ ಕೆತ್ತಿದ್ದರು. ರೂಸೆಲ್ ನೋಡಿದ್ದು ನೋಡುಗರಷ್ಟೇ ಬರುವ ಸ್ಮಾರಕವನ್ನು. ಕಾಶಿಯಲ್ಲಾದರೋ ಹಾಡುವವರು ಎದುರಿಗೇ ಇದ್ದರು: ನದಿ ದಂಡೆಯಲ್ಲಿ ಒಬ್ಬ ಫಕೀರ ಹಾಡುತ್ತಿದ್ದುದನ್ನು ಕೇಳಿ ಬರೆದಿಟ್ಟುಕೊಂಡ ಧಾಟಿಯನ್ನೇ ಅವರು ಮೂರನೆಯ ಭಾಗದಲ್ಲಿ ಬ್ಯಾರಿಟೋನ್ ಗಾಯಕನಿಗೆ ಕೊಟ್ಟರು. ಅದರ ಬಳಿಕ ಇಡೀ ವೃಂದ ಸೂರ್ಯನನ್ನು ಸ್ತುತಿಸಿ ಕೃತಿ ಮುಗಿಯುತ್ತದೆ. ಗಾಯಕರನ್ನು ಮೊದಲ ಭಾಗದಿಂದ ದೂರವಿಟ್ಟದ್ದಕ್ಕೆ ಕಾರಣ ಇಲ್ಲಿಯೇ ಇದೆಯೆಂದು ನನಗನ್ನಿಸುತ್ತದೆ. ಕೇಳಿದ ದನಿಗೆ ಅವರು ದನಿ ಕೊಟ್ಟರು; ಕಿವಿಗೆ ಬೀಳದ ದನಿಯನ್ನು ಕಲ್ಪಿಸಲು ಹೋಗಲಿಲ್ಲ.

ಎಲ್ಲೋರದ ಆಸುಪಾಸಿನಿಂದ ಫ್ರೆಂಚ್ ಸಂಗೀತಕ್ಕೆ ಇನ್ನೊಂದು ದಾರಿಯೂ ಇತ್ತು. ಸಮೀಪದ ದೇವಗಿರಿಯಲ್ಲಿ, ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿ, ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವ ‘ಸಂಗೀತರತ್ನಾಕರ’ ಬರೆದ. ಅದರ 120 ದೇಶೀತಾಳಗಳ ಪಟ್ಟಿ ಜೊಆನಿ ಗ್ರೊಸ್ಸೆ ಬರೆದ ವಿಶ್ವಕೋಶ ಲೇಖನದ ಮೂಲಕ ಫ್ರೆಂಚ್ ರಚನಕಾರ ಒಲಿವಿಯೆ ಮೆಸ್ಸಿಯಾಂ ಅವರ ಕೈಸೇರಿತು. ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ತಾಳಗಳು ಅವರ 1941ರ ಚತುರ್ವಾದ್ಯ ಕೃತಿಯಲ್ಲಿ ಮೊಳಗಿದವು. 1946–48ರ ಸಿಂಫನಿಗೆ ‘ತುರಂಗಲೀಲಾ’ ಎಂಬ ಸಂಸ್ಕೃತ ಹೆಸರೇ ಬಂತು. ರೂಸೆಲ್ ಸ್ಥಳ ನೋಡಿ ಹೆಸರು ಬಿಟ್ಟರು; ಮೆಸ್ಸಿಯಾಂ ಪುಸ್ತಕದಿಂದ ಹೆಸರುಗಳನ್ನು ಎತ್ತಿಕೊಂಡರು. ಆ ‘ರತ್ನಾಕರ’ಕ್ಕೆ ಹದಿನೈದನೆಯ ಶತಮಾನದಲ್ಲಿ ಪ್ರಸಿದ್ಧ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು. ದೇವಗಿರಿಗೂ ನಮ್ಮ ಸೀಮೆಗೂ ಅರಸೊತ್ತಿಗೆಯ ನಂಟೂ ಇತ್ತು: 1347ರಲ್ಲಿ ದೌಲತಾಬಾದಿನಲ್ಲಿ, ಅಂದರೆ ಅದೇ ದೇವಗಿರಿಯಲ್ಲಿ, ಪಟ್ಟವೇರಿದ ಬಹಮನಿ ಸುಲ್ತಾನ ರಾಜಧಾನಿಯನ್ನು ಕಲಬುರಗಿಗೆ ತಂದ. ಫ್ರೆಂಚ್ ರಚನಕಾರರ ಭಾರತವನ್ನು ಕುರಿತು ಮುಂದೆ ನಡೆಯುವ ಅಧ್ಯಯನ ಕಾಶಿ, ಜೈಪುರಗಳ ಜೊತೆಗೆ ದೇವಗಿರಿ–ಕಲಬುರಗಿ–ಮಳಖೇಡಗಳ ಈ ನೆಲದ ಶಾಸನಗಳನ್ನೂ ಲಕ್ಷಣಗ್ರಂಥಗಳನ್ನೂ ಆಕರವಾಗಿ ತೆಗೆದುಕೊಳ್ಳಬೇಕು.